ಟೈಮಿಂಗ್ ಬೆಲ್ಟಿನ ಒಂದು ಹಲ್ಲು

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕ್‌ದಂಡವು ಎರಡು ಸುತ್ತು ತಿರುಗುವಷ್ಟರಲ್ಲಿ, ಕವಾಟಗಳನ್ನು ತೆರೆಯುವ ಕ್ಯಾಮ್‌ದಂಡವು ಒಂದೇ ಸುತ್ತು ತಿರುಗಬೇಕು. ಅನೇಕ ಕಾರುಗಳಲ್ಲಿ ಈ ಹೊಂದಾಣಿಕೆಯನ್ನು ಕಾಯುವುದು ಹಲ್ಲುಗಳುಳ್ಳ ರಬ್ಬರು ಬೆಲ್ಟು. ಕ್ರ್ಯಾಂಕಿನ ಹಲ್ಲುಚಕ್ರಕ್ಕೆ 20 ಹಲ್ಲುಗಳಿದ್ದರೆ ಕ್ಯಾಮಿನದಕ್ಕೆ 40 ಇರುತ್ತವೆ.

ಸವೆದ ಬೆಲ್ಟನ್ನು ನಾವು ಮನೆಯಲ್ಲಿಯೇ ಬದಲಾಯಿಸುವುದಾದರೆ ಜಾಕು, ಸ್ಪ್ಯಾನರುಗಳು ಹಾಗೂ ಆ ಎಂಜಿನ್ನಿನ ಕೈಪಿಡಿ ಬೇಕು. ಮೊದಲು ಬ್ಯಾಟರಿಯ ತಂತಿಯನ್ನು ಕಳಚಬೇಕು. ಎರಡೂ ಚಕ್ರಗಳ ಗುರುತುಗಳನ್ನು ಕೈಪಿಡಿ ತಿಳಿಸುವ ನೆಲೆಗೆ ತಂದ ಮೇಲೆಯೇ ಹಳೆಯ ಬೆಲ್ಟನ್ನು ತೆಗೆಯಬೇಕು. ಆಮೇಲೆ ಚಕ್ರಗಳನ್ನು ಅಲುಗಿಸಕೂಡದು. ಹೊಸ ಬೆಲ್ಟು ಒಂದೇ ಹಲ್ಲು ಆಚೀಚೆ ಕುಳಿತರೂ ಕ್ರ್ಯಾಂಕಿನ ಲೆಕ್ಕದಲ್ಲಿ 360÷20, ಎಂದರೆ 18 ಡಿಗ್ರಿ ತಪ್ಪಿದಂತಾಯಿತು. ಹೊಂದಾಣಿಕೆ ಇನ್ನೂ ಹೆಚ್ಚು ತಪ್ಪಿದರೆ, ಕೆಲವು ಎಂಜಿನ್ನುಗಳಲ್ಲಿ ತೆರೆದ ಕವಾಟಕ್ಕೆ ಪಿಸ್ಟನ್ನು ಬಡಿದು ಕವಾಟವು ಬಾಗುತ್ತದೆ.

ಆದುದರಿಂದ ಬೆಲ್ಟನ್ನು ಬಿಗಿಗೊಳಿಸಿದ ಬಳಿಕ, ಕ್ರ್ಯಾಂಕನ್ನು ಅದು ತಿರುಗುವ ದಿಕ್ಕಿನಲ್ಲಿಯೇ ಸ್ಪ್ಯಾನರಿನಿಂದ ಮೆಲ್ಲನೆ ಎರಡು ಸುತ್ತು ತಿರುಗಿಸಿ ನೋಡೋಣ. ಎರಡೇ ಏಕೆ? ಕ್ಯಾಮು ಒಂದು ಸುತ್ತನ್ನು ಮುಗಿಸಿ, ಗುರುತುಗಳೆರಡೂ ಮತ್ತೆ ತಮ್ಮ ನೆಲೆಗೆ ಬರುವುದು ಆಗಲೇ. ನಡುವೆ ಗಟ್ಟಿಯಾದ ತಡೆ ಸಿಕ್ಕಿದರೆ ಬಲವನ್ನು ಹಾಕದೆ ನಿಲ್ಲಿಸಬೇಕು. ಪಿಸ್ಟನ್ನು ಕವಾಟಕ್ಕೆ ತಾಗಿರಬಹುದು. ಕೈಗೆ ತಿಳಿದ ತಪ್ಪನ್ನು ತಿದ್ದಿಕೊಳ್ಳಬಹುದು. ಎಂಜಿನ್ನು ಓಡತೊಡಗಿದ ಮೇಲೆ ಅದಕ್ಕೆ ಅವಕಾಶವಿಲ್ಲ.