ಕೋವಿ ಪೆಟ್ಟಿಗೆ ಹಗುರವಾಗಿರಲಿ, ಗೋಡೆ ಗಟ್ಟಿಯಾಗಿರಲಿ

ಪ್ರಶ್ನೆ: ಅಪ್ಪನಿಂದ ನನ್ನ ಹೆಸರಿಗೆ ಬಂದ ಜೋಡುನಳಿಗೆಯ ತೋಟಾ ಕೋವಿ ಒಂದಿದೆ. ಕೆಲಸದ ಮೇಲೆ ಮೈಸೂರಿನ ಬಾಡಿಗೆ ಮನೆಗೆ ಹೋಗುತ್ತಿದ್ದೇವೆ. ಮುಂದೆಯೂ ಆಗಾಗ ಮನೆ ಬದಲಿಸಬೇಕಾದೀತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಇಬ್ಬರು ಎತ್ತಿ ಸಾಗಿಸಬಹುದಾದ, ಹೆಚ್ಚು ಖರ್ಚಿಲ್ಲದ ಸೇಫ್ ಯಾವುದು? ಬೀರುವೇ ಸಾಲದೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಬೀರು ಸಾಲದು. ಕೋವಿ ನಿಲ್ಲಿಸುವಷ್ಟು ಎತ್ತರ ಅದಕ್ಕಿದೆ, ನಿಜ. ಆದರೆ ಅದರ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳು. ಬಾಗಿಲ ಸಂದಿಗೆ ಕಬ್ಬಿಣದ ಸರಳು ತೂರಿಸಿ ಮೀಟಿದರೆ ಬಗ್ಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಬೀರು ಮನೆಮಂದಿಯೆಲ್ಲ ದಿನವೂ ತೆರೆಯುವ ಜಾಗ. ಅದರ ಕೀಲಿಕೈ ಎಲ್ಲಿರುತ್ತದೆ ಎಂಬುದು ಮೊದಲು ಗೊತ್ತಾಗುವುದು ಮಕ್ಕಳಿಗೆ.

ಹಾಗೆಂದು ಇನ್ನೂರು ಮುನ್ನೂರು ಕಿಲೋ ತೂಗುವ ತಿಜೋರಿ ತರಬೇಕಿಲ್ಲ. ಬ್ರಿಟನ್ನಿನಲ್ಲಿ ಕೋವಿ ಇಟ್ಟುಕೊಳ್ಳುವವರ ಮನೆಯ ಭದ್ರತೆಯನ್ನು ಪೊಲೀಸರು ಪರಿಶೀಲಿಸುತ್ತಾರೆ. ಅಲ್ಲಿ ಬಹುಕಾಲದಿಂದ ಒಪ್ಪಿಕೊಂಡು ಬಂದಿರುವುದು ಎರಡು ಮಿಲಿಮೀಟರ್ ದಪ್ಪದ ಉಕ್ಕಿನ ಸಾದಾ ಪೆಟ್ಟಿಗೆಯನ್ನು. ಅದನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿದಿರಬೇಕು. ನಿಮಗೂ ಅಷ್ಟು ಸಾಕು. ಅಂಗಡಿಯವರು ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ. 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., 14 ಗೇಜ್ ಎಂದರೆ ಸುಮಾರು 2 ಮಿ.ಮೀ. ಕೋವಿಯ ಬೋರಿನಂತೆ ಇಲ್ಲಿಯೂ ಅಂಕಿ ಇಳಿದಷ್ಟೂ ಗಾತ್ರ ಹೆಚ್ಚು.

ಇನ್ನು ತೂಕ ಮತ್ತು ಬೆಲೆ. ಇವೆರಡನ್ನೂ ಒಟ್ಟಿಗೇ ಇಳಿಸುವ ಉಪಾಯ ನಿಮ್ಮ ಕೋವಿಯಲ್ಲೇ ಇದೆ. ಮಡಚುವ ಜೋಡುನಳಿಗೆ ಕೋವಿಯಲ್ಲಿ ನಳಿಗೆಯ ಅಡಿಯ ಮರದ ತುಂಡನ್ನು ಕಳಚಿದರೆ ನಳಿಗೆ ಬೇರೆ, ಕುದುರೆಯಿರುವ ಹಿಡಿಮರ ಬೇರೆ ಆಗುತ್ತವೆ. ಇಡಿಯಾಗಿ ನಾಲ್ಕಡಿಗೆ ಹತ್ತಿರವಿರುವ ಕೋವಿ ಆಗ ಮೂರಡಿಯ ಪೆಟ್ಟಿಗೆಯಲ್ಲಿ ಕೂರುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ವಿಸ್ತೀರ್ಣದ, ಒಂದು ಮಿ.ಮೀ. ದಪ್ಪದ ಉಕ್ಕಿನ ಹಾಳೆ 7.85 ಕಿಲೋ ತೂಗುತ್ತದೆ. ಇಡೀ ಕೋವಿ ನಿಲ್ಲಿಸಲು 135 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲ, 25 ಸೆಂ.ಮೀ. ಆಳದ ಪೆಟ್ಟಿಗೆಯನ್ನು 2 ಮಿ.ಮೀ. ಹಾಳೆಯಲ್ಲಿ ಮಾಡಿಸಿದರೆ ಸುಮಾರು 26 ಕಿಲೋ. ಕಳಚಿದ ಕೋವಿಗೆ 90, 30, 20 ಸೆಂ.ಮೀ. ಅಳತೆಯದು ಸಾಕು, ಅದು 16 ಕಿಲೋ. ಬೀಗ, ಕೀಲು, ಒಳಪಟ್ಟಿ ಸೇರಿದರೂ ಇಬ್ಬರು ಸಲೀಸಾಗಿ ಎತ್ತಬಹುದು. ಫ್ಯಾಬ್ರಿಕೇಶನ್ ಶೆಡ್ಡಿನವರು ಹೆಚ್ಚಾಗಿ ಕಿಲೋ ಲೆಕ್ಕದಲ್ಲಿ ಕೂಲಿ ಹೇಳುವುದರಿಂದ ತೂಕ ಇಳಿದಂತೆ ಖರ್ಚೂ ಇಳಿಯುತ್ತದೆ. ಮಾಡಿಸುವಾಗ ಕೀಲುಗಳು ಒಳಗಡೆ ಇರಲಿ. ಬಾಗಿಲ ಅಂಚು ಚೌಕಟ್ಟಿನೊಳಗೆ ಕುಳಿತು, ಮೀಟಲು ಸಂದಿ ಸಿಗದಂತಿರಲಿ.

ನೀವು ಎತ್ತಬಲ್ಲ ಪೆಟ್ಟಿಗೆಯನ್ನು ಕಳ್ಳನೂ ಎತ್ತಬಲ್ಲ. ಆದ್ದರಿಂದ ಭದ್ರತೆ ಗೋಡೆಯಿಂದ ಬರಬೇಕು. ಪೆಟ್ಟಿಗೆಯ ಹಿಂಬದಿಯಲ್ಲಿ ನಾಲ್ಕು ತೂತು ಕೊರೆಸಿ, 10 ಮಿ.ಮೀ. ಆಂಕರ್ ಬೋಲ್ಟುಗಳಿಂದ ಬಿಗಿಯಿರಿ. ನಟ್ಟುಗಳು ಪೆಟ್ಟಿಗೆಯ ಒಳಗಿರಬೇಕು, ಬಾಗಿಲು ತೆರೆದವರಿಗೆ ಮಾತ್ರ ಸಿಗಬೇಕು. ಕಾಂಕ್ರೀಟು, ಗಟ್ಟಿ ಇಟ್ಟಿಗೆಯ ಗೋಡೆ ಉತ್ತಮ. ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಸಾಮಾನ್ಯ ಆಂಕರ್ ಹಿಡಿಯುವುದಿಲ್ಲ. ಅಲ್ಲಿ ಪಿಲ್ಲರಿಗೋ ಕಾಂಕ್ರೀಟು ನೆಲಕ್ಕೋ ಬಿಗಿಯಬೇಕು. ಬಾಡಿಗೆ ಮನೆಯಾದ್ದರಿಂದ ಮಾಲೀಕರನ್ನು ಮೊದಲೇ ಕೇಳಿ. ಮನೆ ಬಿಡುವಾಗ ನಟ್ಟು ಬಿಚ್ಚಿ, ತೂತಿಗೆ ಸಿಮೆಂಟು ತುಂಬಿದರೆ ಮುಗಿಯಿತು.

ಬೀಗದ ವಿಷಯದಲ್ಲಿ ಅಗ್ಗದ ಡಿಜಿಟಲ್ ಸೇಫುಗಳಿಂದ ದೂರವಿರಿ. ಅವುಗಳಲ್ಲಿ ಹಲವು, ಮೇಲೆ ಜೋರಾಗಿ ಗುದ್ದಿದರೆ ಒಳಗಿನ ಸೊಲೆನಾಯ್ಡ್ ಅಲುಗಿ ತೆರೆದುಕೊಳ್ಳುತ್ತವೆ. ಬ್ಯಾಟರಿ ಮುಗಿದರೆ ಬೇಕಾಗುವ ತುರ್ತು ಕೀಲಿಯನ್ನು ಹೇಗೂ ಎಲ್ಲೋ ಬಚ್ಚಿಡಬೇಕು. ಒಳ್ಳೆಯ ಲಿವರ್ ಬೀಗ ಸಾಕು, ಮೇಲೊಂದು ಕೆಳಗೊಂದು ಎರಡಿದ್ದರೆ ಇನ್ನೂ ವಾಸಿ. ಒಂದು ಕೀಲಿ ನಿಮ್ಮ ಬಳಿಯೇ ಇರಲಿ. ಎರಡನೆಯದನ್ನು ಬ್ಯಾಂಕ್ ಲಾಕರಿನಲ್ಲಿಡಿ.

ತೋಟಾಗಳನ್ನು ಕೋವಿಯ ಜೊತೆ ಇಡಬೇಡಿ. ಬೇರೆ ಬೀಗವಿರುವ ಚಿಕ್ಕ ಡಬ್ಬಿಯಲ್ಲಿ, ಬೇರೆ ಕೋಣೆಯಲ್ಲಿಡಿ. ಸಾಧ್ಯವಿದ್ದರೆ ಹಿಡಿಮರವನ್ನೂ ನಳಿಗೆಯಿಂದ ದೂರವಿಡಿ. ಮಕ್ಕಳ ಕೈಗೆ ಒಂದು ಸಿಕ್ಕರೂ ಅದು ಸಿಡಿಯುವ ಕೋವಿಯಲ್ಲ. ಒಳಗಿಡುವ ಮುನ್ನ ಪ್ರತಿ ಸಲವೂ ಎರಡೂ ನಳಿಗೆ ಖಾಲಿಯೆಂದು ಕಣ್ಣಾರೆ ನೋಡಿ.

ಮೈಸೂರಿನ ಹವೆ ಒಣ ಎಂದು ತುಕ್ಕನ್ನು ಮರೆಯಬೇಡಿ. ಮಳೆಗೆ ಒದ್ದೆಯಾಗುವ ಹೊರಗೋಡೆಗೆ ಪೆಟ್ಟಿಗೆ ಬಿಗಿಯಬೇಡಿ. ನಳಿಗೆಗೆ ತೆಳುವಾಗಿ ಎಣ್ಣೆ ಸವರಿ. ತೇವ ಹಿಡಿದಿಟ್ಟುಕೊಳ್ಳುವ ಚರ್ಮದ ಚೀಲದಿಂದ ಹೊರತೆಗೆದು, ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಕಾನೂನಿನ ಮಾತೂ ಇದೆ. ಪರವಾನಗಿಯ ಕೋವಿಯಾದರೆ ವಿಳಾಸ ಬದಲಾದ 30 ದಿನದೊಳಗೆ ಹಳೆಯ ಮತ್ತು ಹೊಸ ಊರಿನ ಪರವಾನಗಿ ಅಧಿಕಾರಿಗಳಿಬ್ಬರಿಗೂ ತಿಳಿಸಬೇಕು. ನೀವು ಕೊಡವರೋ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರೋ ಆಗಿದ್ದರೆ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ರಾಜ್ಯ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಕೊಡಗಿನ ಹೊರಗೆ ವಾಸಿಸುವಾಗ ಅದಕ್ಕೆ ಮಿತಿಯುಂಟು: 100 ತೋಟಾಗಳೊಂದಿಗೆ ಒಂದು ರೈಫಲ್, 500 ತೋಟಾಗಳೊಂದಿಗೆ ಒಂದು ನುಣುಪು ನಳಿಗೆಯ ಕೋವಿ. ವಿನಾಯಿತಿ ಪತ್ರ ಜೊತೆಗಿರಲಿ.

ಕೊನೆಗೊಂದು ಮಾತು. ಮೈಸೂರಿನ ಬಾಡಿಗೆ ಮನೆಯಲ್ಲಿ ಕೋವಿಯಿಂದ ನಿಮಗೆ ಕೆಲಸವೇನಾದರೂ ಇದೆಯೇ? ಇಲ್ಲವಾದರೆ ಪರವಾನಗಿಯುಳ್ಳ ಕೋವಿ ವ್ಯಾಪಾರಿಯಲ್ಲೋ ಠಾಣೆಯಲ್ಲೋ ಅದನ್ನು ಠೇವಣಿಯಿಟ್ಟು ರಸೀದಿ ಪಡೆಯಬಹುದು. ಅದಕ್ಕಿಂತ ಅಗ್ಗದ, ಅದಕ್ಕಿಂತ ಹಗುರವಾದ ಸೇಫ್ ಇಲ್ಲ. ಇಟ್ಟುಕೊಳ್ಳಲೇಬೇಕೆಂದರೆ 2 ಮಿ.ಮೀ. ಉಕ್ಕಿನ ಮೂರಡಿ ಪೆಟ್ಟಿಗೆ ಮಾಡಿಸಿ, ಗಟ್ಟಿ ಗೋಡೆಗೆ ನಾಲ್ಕು ಬೋಲ್ಟು ಹಾಕಿಸಿ.