ಓದು ಕಲಿಯುವ ಮಗುವಿನ ಮನೆಯವರಿಗೆ

ವರ್ಣಮಾಲೆ ಪೂರ್ತಿ ಬಾಯಿಪಾಠವಾದ ಮೇಲೆಯೇ ಓದು ಎಂಬ ನಂಬಿಕೆ ಅನೇಕ ಮನೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಆದರೆ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ, ಅಂದರೆ ಮಗು ಚಟುವಟಿಕೆಗಳ ಮೂಲಕ ತನ್ನ ವೇಗದಲ್ಲೇ ಕಲಿಯುವ ಪದ್ಧತಿ, ರ, ಗ, ಸ, ದ, ಅ ಅಕ್ಷರಗಳಿಂದ ಆರಂಭಿಸುತ್ತದೆ. ಇಷ್ಟರಿಂದಲೇ ಸರ, ಅಗಸ, ಅರಸ ಎಂದು ಓದಿ ಮಗು ಅರ್ಥದ ರುಚಿ ಕಾಣುತ್ತದೆ.

ಅಫಜಲಪುರ ತಾಲ್ಲೂಕಿನ ಅತನೂರದ ಮಗುವಿಗೆ ಬಸ್ಸಿನ ಫಲಕವೇ ಒಳ್ಳೆಯ ಪಾಠವಾಗಬಲ್ಲದು: ಊರ ಹೆಸರಿನ ನಾಲ್ಕು ಅಕ್ಷರಗಳಲ್ಲಿ ಅ, ರ ಆಗಲೇ ಪರಿಚಿತ, ತ, ನ ಹೊಸವು, ನೂ ಎಂಬಲ್ಲಿ ಮಾತ್ರ ಕಾಗುಣಿತ, ಅಂದರೆ ವ್ಯಂಜನಕ್ಕೆ ಸ್ವರದ ಗುರುತು ಸೇರಿದ ರೂಪ, ಎದುರಾಗುತ್ತದೆ. ಅಲ್ಲಿ ಮಗು ತಡವರಿಸಿದರೆ ಹಿರಿಯರು ಉತ್ತರ ಹೇಳದೆ ಕ್ಷಣಕಾಲ ಕಾಯಬೇಕು.

ಇನ್ನೂ ಮುಖ್ಯವಾದುದು ಮನೆಮಾತಿನ ಗೌರವ. ‘ಹೋಗುತ್ತಾನೆ’ ಎಂದು ಅಚ್ಚಾಗಿರುವುದನ್ನು ಮಗು ‘ಹೋಗ್ತಾನ’ ಎಂದು ಓದಿದರೆ ಅದು ತಪ್ಪಲ್ಲ, ಅರ್ಥ ಗ್ರಹಿಸಿದ ಕುರುಹು. ಆದ್ದರಿಂದ ಗದರದೆ, ವಾಕ್ಯ ಮುಗಿದ ಮೇಲೆ ಅಚ್ಚಿನ ರೂಪವನ್ನು ಬೆರಳಿಟ್ಟು ಒಮ್ಮೆ ಓದಿ ತೋರಿಸಿದರೆ ಸಾಕು. ವ್ಯಂಜನದ ಕೆಳಗೆ ಬರುವ ಒತ್ತಕ್ಷರಗಳನ್ನು ಅಕ್ಕ, ಅಪ್ಪ, ಅಮ್ಮಗಳಿಂದ ಆರಂಭಿಸಿ, ‘ರಸ್ತೆ’ಯಂಥ ಪದಗಳನ್ನು ನಂತರಕ್ಕೆ ಇಟ್ಟುಕೊಳ್ಳುವುದು ಲೇಸು.