ಕಾರ್ಡಿನ ಬೆನ್ನು ಓದಿ: ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಲ್ಲಿ ಕ್ರಿಕೆಟ್ ಕಾರ್ಡಿನ ಹುಡುಕಾಟ

ಕ್ರಿಕೆಟ್ ಕಾರ್ಡು ಹುಡುಕಿಕೊಂಡು ಬೆಂಗಳೂರಿನ ಹೊರವಲಯಕ್ಕೆ ಹೊರಟವರಿಗೆ ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಅಮೆರಿಕದ ಊರುಗಳಲ್ಲಿರುವಂತೆ ಆಟಗಾರರ ಕಾರ್ಡನ್ನೇ ನೆಚ್ಚಿಕೊಂಡು ಬದುಕುವ ಅಂಗಡಿಗಳ ಸಾಲು ಇಲ್ಲಿಲ್ಲ. ಇಲ್ಲಿ ಕಾರ್ಡು ಬೇರೆ ಸಾಮಾನಿನ ನಡುವೆ ಸಿಗುತ್ತದೆ. ಮಾಲ್‌ನ ಆಟಿಕೆ ಅಂಗಡಿಯಲ್ಲಿ ಬಿಲ್ಲಿಂಗ್ ಕೌಂಟರಿನ ಪಕ್ಕ, ಅಪಾರ್ಟ್‌ಮೆಂಟ್ ಗೇಟಿನೆದುರಿನ ಸ್ಟೇಷನರಿಯಲ್ಲಿ, ಶಾಲೆಯ ಹತ್ತಿರದ ಫ್ಯಾನ್ಸಿ ಸ್ಟೋರಿನಲ್ಲಿ ನೇತುಹಾಕಿದ ಪ್ಯಾಕೆಟ್ ಸರದಲ್ಲಿ, ಗುಜರಿ ಅಂಗಡಿಯ ಪೇಪರ್ ಮೂಟೆಯಲ್ಲಿ ನೋಡಬೇಕು. ಬೋರ್ಡು ನೋಡಿಕೊಂಡು ಹೋದರೆ ಬರಿಗೈ. ಕೇಳಿಕೊಂಡು ಹೋದರೆ ಏನಾದರೂ ಸಿಕ್ಕೇ ಸಿಗುತ್ತದೆ.

ಹೊರಡುವ ಮೊದಲು ಏನು ಬೇಕೆಂದು ತೀರ್ಮಾನಿಸಿ. ಎಲ್ಲವನ್ನೂ ಕೂಡಿಸುತ್ತೇನೆಂದರೆ ದುಡ್ಡೂ ಸಾಲದು, ಜಾಗವೂ ಸಾಲದು. ಕನ್ನಡದ ಓದುಗರಿಗೆ ನನ್ನ ಸಲಹೆ ಒಂದೇ: ಕರ್ನಾಟಕದ ಆಟಗಾರರನ್ನು ಕೂಡಿಸಿ. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್, ಕಿರ್ಮಾನಿ, ಬಿನ್ನಿಯವರಿಂದ ಹಿಡಿದು ಕುಂಬ್ಳೆ, ಶ್ರೀನಾಥ್, ಪ್ರಸಾದ್, ದ್ರಾವಿಡ್ ದಾಟಿ ರಾಹುಲ್, ಕರುಣ್ ನಾಯರ್‌ವರೆಗೆ ಬಂದರೆ ಅದೇ ಒಂದು ತುಂಬು ಬೈಂಡರ್. 1996-97ರ ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿ ಭಾರತಕ್ಕಾಗಿ ಟೆಸ್ಟ್ ಆಡಿದವರಲ್ಲಿ ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್, ಡೇವಿಡ್ ಜಾನ್ಸನ್, ದೊಡ್ಡ ಗಣೇಶ್ ಎಲ್ಲರೂ ನಮ್ಮವರು. ಆ ಒಂದು ಪ್ರವಾಸದ ಪುಟವನ್ನು ತುಂಬಿಸಲು ಹೊರಟರೆ ವರ್ಷಗಟ್ಟಲೆ ಕೆಲಸ. ಕಾರ್ಡು ಸಿಗದ ಹೆಸರಿಗೆ ಪತ್ರಿಕೆಯ ಚಿತ್ರ, ಪಂದ್ಯದ ಟಿಕೆಟ್, ಹಸ್ತಾಕ್ಷರ ಹಾಕಿಸಿದ ಕಾಗದವನ್ನಾದರೂ ಸೇರಿಸಬಹುದು. ಭಾರತದ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ ಶಾಂತಾ ರಂಗಸ್ವಾಮಿ ನಮ್ಮ ಊರಿನವರು. ಅವರ ಹೆಸರಿಗೂ ಒಂದು ಪುಟ ಬಿಡಿ.

ನಮ್ಮ ಕಾರ್ಡುಗಳ ಕಥೆ ತುಣುಕು ತುಣುಕಾದದ್ದು. 1980, 90ರ ದಶಕಗಳಲ್ಲಿ ಬಿಗ್ ಫನ್ ಬಬಲ್‌ಗಮ್ ಜೊತೆಗೆ ರನ್ನು, ವಿಕೆಟ್ ಲೆಕ್ಕದ ಕ್ರಿಕೆಟ್ ಚೀಟಿಗಳು ಬರುತ್ತಿದ್ದವು. ಮಕ್ಕಳು ಬೇಸಿಗೆ ರಜೆಯಿಡೀ ಆಡುತ್ತಿದ್ದ ಟ್ರಂಪ್ ಕಾರ್ಡಿನಲ್ಲಿ ಪಂದ್ಯ, ರನ್ನು, ಅತ್ಯಧಿಕ ಸ್ಕೋರು, ಕ್ಯಾಚುಗಳ ಪಟ್ಟಿ ಇರುತ್ತಿತ್ತು. 1999ರ ವಿಶ್ವಕಪ್ಪಿನ ಹೊತ್ತಿಗೆ ಬ್ರಿಟಾನಿಯಾ ಬಿಸ್ಕತ್ತಿನ ಹೊದಿಕೆಯ ಮೇಲಿನ ರನ್ನು ಕೂಡಿಸುವ ಹುಚ್ಚು ಊರೂರಿಗೂ ಹಬ್ಬಿತು. ಆ ಕಂಪನಿಯ ಕಚೇರಿ ಈಗಿರುವುದು ಇದೇ ವೈಟ್‌ಫೀಲ್ಡ್ ರಸ್ತೆಯ ಶಾಂತಿನಿಕೇತನದಲ್ಲಿ. ಆಮೇಲೆ ಐಪಿಎಲ್ ಕಾಲಕ್ಕೆ ಟಾಪ್ಸ್ ಕಂಪನಿಯ ಕ್ರಿಕೆಟ್ ಅಟ್ಯಾಕ್ಸ್, ಫುಟ್‌ಬಾಲಿನ ಮ್ಯಾಚ್ ಅಟ್ಯಾಕ್ಸ್, ಕುಸ್ತಿಯ ಸ್ಲ್ಯಾಮ್ ಅಟ್ಯಾಕ್ಸ್ ಬಂದವು. ಇಟಲಿಯ ಪಾನಿನಿಯ ಸ್ಟಿಕರ್ ಆಲ್ಬಮ್ ಕೂಡ ಇಲ್ಲಿನ ಮಕ್ಕಳಿಗೆ ಹೊಸದಲ್ಲ. 2022ರ ಕತಾರ್ ವಿಶ್ವಕಪ್ ಆಲ್ಬಮ್ಮಿಗೆ 670 ಸ್ಟಿಕರ್ ಬೇಕಿತ್ತು. ಅದನ್ನು ಪ್ಯಾಕೆಟ್ ಕೊಂಡು ಕೊಂಡೇ ಮುಗಿಸಿದವರು ವಿರಳ, ಬದಲಾಯಿಸಿಕೊಂಡು ಮುಗಿಸಿದವರೇ ಹೆಚ್ಚು.

ಈಗ ಮುಖ್ಯ ವಿಷಯ. ಕಾರ್ಡು ಕೈಗೆ ಬಂದೊಡನೆ ಮುಂದಿನ ಚಿತ್ರ ನೋಡಿ ಮಾರುಹೋಗಬೇಡಿ, ಹಿಂದಕ್ಕೆ ತಿರುಗಿಸಿ. ಹಳೆಯ ಕಾರ್ಡುಗಳಲ್ಲಿ ಎಷ್ಟೋ ಸಲ ಇಸವಿ ಇರುವುದಿಲ್ಲ. ಮಾರುವವರು ಬಾಯಿಗೆ ಬಂದ ವರ್ಷ ಹೇಳುತ್ತಾರೆ. ಬೆನ್ನಿನ ಅಂಕಿ ಸುಳ್ಳು ಹೇಳುವುದು ಕಡಿಮೆ. ಆಟಗಾರನ ಅತ್ಯುತ್ತಮ ಸಾಧನೆ ಅಲ್ಲಿ ಅಚ್ಚಾದ ದಿನಕ್ಕೇ ನಿಂತಿರುತ್ತದೆ.

ದ್ರಾವಿಡ್ ಅವರನ್ನೇ ತೆಗೆದುಕೊಳ್ಳಿ. ಟೆಸ್ಟಿನ ಅತ್ಯಧಿಕ ಸ್ಕೋರು 95 ಎಂದಿದ್ದರೆ ಅದು 1996ರ ಜೂನಿನ ಲಾರ್ಡ್ಸ್ ಪಂದ್ಯದ ನಂತರದ್ದು, 1997ರ ಜನವರಿಗೆ ಮೊದಲಿನದು. 148 ಎಂದಿದ್ದರೆ ಜೊಹಾನ್ಸ್‌ಬರ್ಗ್ ಆದ ಮೇಲಿನದು. 190 ಎಂದಿದ್ದರೆ 1999ರ ಜನವರಿಯ ಹ್ಯಾಮಿಲ್ಟನ್ ದಾಟಿದೆ. ಔಟಾಗದೆ 200 ಇದ್ದರೆ 2000ದ ನವೆಂಬರ್, ದೆಹಲಿ. 217 ಎಂದರೆ 2002ರ ಓವಲ್. 222 ಎಂದರೆ 2003ರ ಅಕ್ಟೋಬರಿನ ಅಹಮದಾಬಾದ್. 233 ಎಂದರೆ ಅದೇ ವರ್ಷದ ಡಿಸೆಂಬರಿನ ಅಡಿಲೇಡ್. 270 ಎಂದರೆ 2004ರ ಏಪ್ರಿಲಿನ ರಾವಲ್ಪಿಂಡಿ, ಮುಂದೆ ಕೊನೆಯವರೆಗೂ ಅದೇ. 222 ಮತ್ತು 233ರ ನಡುವೆ ಇರುವುದು ಎರಡು ತಿಂಗಳು, ಮೇಲೆ ಕೆಲವೇ ದಿನ. ಹಾಗಾಗಿ 222 ಅಚ್ಚಾದ ಕಾರ್ಡೊಂದು ಕಂಡರೆ ಅದನ್ನು ಬಿಟ್ಟುಬರಬೇಡಿ.

ಬೌಲರುಗಳಲ್ಲಿ ಇನ್ನೂ ಸೊಗಸಾದ ಗುರುತಿದೆ. 1999ರ ಜನವರಿ ಕೊನೆಯಲ್ಲಿ ಚೆನ್ನೈನಲ್ಲಿ ಪಾಕಿಸ್ತಾನದ ವಿರುದ್ಧ ವೆಂಕಟೇಶ ಪ್ರಸಾದ್ 33 ರನ್ನಿಗೆ 6 ವಿಕೆಟ್ ಕಿತ್ತರು. ಫೆಬ್ರವರಿ 7ರಂದು ದೆಹಲಿಯಲ್ಲಿ ಕುಂಬ್ಳೆ 74 ರನ್ನಿಗೆ ಹತ್ತಕ್ಕೆ ಹತ್ತೂ ಪಡೆದರು. ಅದೇ ತಿಂಗಳು ಕೋಲ್ಕತ್ತದಲ್ಲಿ ಶ್ರೀನಾಥ್ 86 ರನ್ನಿಗೆ 8 ವಿಕೆಟ್ ತೆಗೆದರು. ಮೂವರದೂ ಟೆಸ್ಟ್ ಬದುಕಿನ ಅತ್ಯುತ್ತಮ ಬೌಲಿಂಗ್ ಒಂದೇ ತಿಂಗಳೊಳಗೆ, ಒಂದೇ ಎದುರಾಳಿಯ ಮೇಲೆ. ಅಂದರೆ ಕುಂಬ್ಳೆಯ ಬೆನ್ನಿನಲ್ಲಿ 7/59, ಶ್ರೀನಾಥರ ಬೆನ್ನಿನಲ್ಲಿ 6/21 ಇದ್ದರೆ ಆ ಫೆಬ್ರವರಿಗೆ ಮೊದಲಿನ ಅಚ್ಚು. 10/74, 8/86 ಇದ್ದರೆ ನಂತರದ್ದು. ಈ ಎರಡೂ ಅಚ್ಚುಗಳನ್ನು ಅಕ್ಕಪಕ್ಕ ಇಟ್ಟುಕೊಂಡ ಪುಟಕ್ಕಿಂತ ಚೆನ್ನಾದ ಪುಟ ಕರ್ನಾಟಕದ ಬೈಂಡರಿನಲ್ಲಿ ಇರಲಾರದು ಎಂದೇ ನನ್ನ ನಂಬಿಕೆ.

ಅಟ್ಯಾಕ್ಸ್ ಮಾದರಿಯ ಕಾರ್ಡುಗಳಲ್ಲಿ ಇಂಥ ದಾಖಲೆ ಇರುವುದಿಲ್ಲ, ಆಟದ ಅಂಕವಷ್ಟೇ ಇರುತ್ತದೆ. ಅಲ್ಲಿ ಜೆರ್ಸಿ ನೋಡಿ. ಕೆ.ಎಲ್. ರಾಹುಲ್ ಪಂಜಾಬಿನ ಕೆಂಪಿನಲ್ಲಿದ್ದರೆ 2018ರಿಂದ 2021ರೊಳಗಿನದು, ಲಕ್ನೋ ಜೆರ್ಸಿಯಾದರೆ 2022ರಿಂದ 2024, ದೆಹಲಿಯಾದರೆ 2025 ಅಥವಾ ಆಮೇಲಿನದು.

ಇನ್ನು ದಾರಿ. ಕಾರು ಬಿಟ್ಟು ಮೆಟ್ರೊ ಹಿಡಿಯಿರಿ. ಮೂರು ಕಡೆಗೂ ಈಗ ಹಳಿ ಇದೆ. ನೇರಳೆ ಮಾರ್ಗ 2023ರಲ್ಲಿ ವೈಟ್‌ಫೀಲ್ಡ್ ಮುಟ್ಟಿತು. ಪೀಣ್ಯದ ಹಸಿರು ಮಾರ್ಗ 2024ರ ನವೆಂಬರಿನಲ್ಲಿ ಮಾದಾವರದವರೆಗೆ ಬೆಳೆಯಿತು. ಎಲೆಕ್ಟ್ರಾನಿಕ್ ಸಿಟಿಯ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಶುರುವಾಯಿತು. ನೇರಳೆಯಿಂದ ಹಸಿರಿಗೆ ಮೆಜೆಸ್ಟಿಕ್‌ನಲ್ಲಿ, ಹಸಿರಿನಿಂದ ಹಳದಿಗೆ ಆರ್.ವಿ. ರಸ್ತೆಯಲ್ಲಿ ಬದಲಾಯಿಸಬೇಕು. ಆದರೂ ಮೂರನ್ನೂ ಒಂದೇ ದಿನಕ್ಕೆ ಕಟ್ಟಿಕೊಳ್ಳಬೇಡಿ. ದಿನಕ್ಕೊಂದು ದಿಕ್ಕು ಸಾಕು.

ಒಂದೇ ದಿನ ಇದೆ ಅನ್ನುವವರು ಕಣ್ಣುಮುಚ್ಚಿ ವೈಟ್‌ಫೀಲ್ಡ್ ಆರಿಸಿಕೊಳ್ಳಿ. ಸಿಂಗಯ್ಯನಪಾಳ್ಯ ನಿಲ್ದಾಣದಲ್ಲಿ ಇಳಿದರೆ ಫೀನಿಕ್ಸ್ ಮಾರ್ಕೆಟ್‌ಸಿಟಿ, ವಿಆರ್ ಮಾಲ್ ಹತ್ತಿರ. ಹೂಡಿಯಲ್ಲಿ ಇಳಿದರೆ ನೆಕ್ಸಸ್ ಶಾಂತಿನಿಕೇತನ. ಮಾಲ್‌ನ ಆಟಿಕೆ ಅಂಗಡಿಯಲ್ಲೂ ಪುಸ್ತಕದಂಗಡಿಯಲ್ಲೂ ಹೊಸ ಪ್ಯಾಕೆಟ್ಟು, ಸ್ಟಾರ್ಟರ್ ಪ್ಯಾಕು, ಬೈಂಡರು ಸಿಗುತ್ತವೆ. ಹಳೆಯದು ಅಲ್ಲಿ ಸಿಗದು. ಹಳೆಯದಕ್ಕೆ ಕಾಡುಗೋಡಿ, ವರ್ತೂರು, ಹೋಪ್‌ಫಾರ್ಮ್ ಕಡೆಯ ಹಳೇ ಸ್ಟೇಷನರಿ, ಫ್ಯಾನ್ಸಿ ಸ್ಟೋರುಗಳ ಕಡೆ ನಡೆಯಿರಿ. ಒಳಗೆ ಹೋಗಿ ‘ಕಲೆಕ್ಟಿಬಲ್ಸ್’ ಎಂದರೆ ಯಾರಿಗೂ ಅರ್ಥವಾಗದು. ‘ಅಣ್ಣ, ಕ್ರಿಕೆಟ್ ಕಾರ್ಡ್ ಹಳೇ ಸ್ಟಾಕ್ ಏನಾದ್ರೂ ಉಳಿದಿದ್ಯಾ?’ ಎಂದು ಕೇಳಿ. ಅಟ್ಟದ ಮೇಲಿನ ಡಬ್ಬ ಕೆಳಗಿಳಿಯುವುದು ಆ ಪ್ರಶ್ನೆಗೆ. ಬೆಳಗ್ಗೆ ಬೋಣಿಯ ಹೊತ್ತಿನಲ್ಲಿ ಚೌಕಾಸಿಗೆ ನಿಲ್ಲಬೇಡಿ. ಹನ್ನೊಂದರ ಮೇಲೆ, ವ್ಯಾಪಾರ ತಣ್ಣಗಿದ್ದಾಗ ಹೋದರೆ ಮಾತಿಗೂ ಬಿಡುವಿರುತ್ತದೆ.

ವೈಟ್‌ಫೀಲ್ಡಿನ ನಿಜವಾದ ಸಂಪತ್ತು ಅಂಗಡಿಯಲ್ಲಿಲ್ಲ, ಮನೆಗಳಲ್ಲಿದೆ. ಕೆಲಸಕ್ಕಾಗಿ ದೇಶದ ಮೂಲೆಮೂಲೆಯಿಂದ ಬಂದವರು ತಮ್ಮ ಬಾಲ್ಯದ ಡಬ್ಬಗಳನ್ನೂ ತಂದಿದ್ದಾರೆ. ಅಪಾರ್ಟ್‌ಮೆಂಟುಗಳಲ್ಲಿ ಶನಿವಾರ, ಭಾನುವಾರ ನಡೆಯುವ ಸಂತೆಗಳಲ್ಲಿ, ನಿವಾಸಿಗಳ ಹಳೇ ಸಾಮಾನಿನ ಮಾರಾಟದಲ್ಲಿ ಕೋಲ್ಕತ್ತದ ಫುಟ್‌ಬಾಲ್ ಸ್ಟಿಕರೂ ದೆಹಲಿಯ ಟ್ರಂಪ್ ಕಾರ್ಡೂ ಒಂದೇ ಮೇಜಿನ ಮೇಲೆ ಬರಬಹುದು. ಅಲ್ಲಿ ವಾಸಿಸುವ ಪರಿಚಯದವರ ಮೂಲಕವೇ ಹೋಗಿ. ಗೇಟಿನಲ್ಲಿ ಹೆಸರು ಬರೆಸದೆ ಒಳಬಿಡುವುದಿಲ್ಲ.

ವರ್ಷಕ್ಕೊಮ್ಮೆ ಇನ್ನೊಂದು ಅವಕಾಶವಿದೆ. ಬೆಂಗಳೂರು ಕಾಮಿಕ್ ಕಾನ್ ಇತ್ತೀಚಿನ ವರ್ಷಗಳಲ್ಲಿ ನಡೆದಿರುವುದು ವೈಟ್‌ಫೀಲ್ಡಿನ ಇಪಿಐಪಿ ಪ್ರದೇಶದ ಕೆಟಿಪಿಒ ಸಭಾಂಗಣದಲ್ಲಿ. ನಲ್ಲೂರುಹಳ್ಳಿ ಇಲ್ಲವೆ ಸತ್ಯಸಾಯಿ ಆಸ್ಪತ್ರೆ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿದರಾಯಿತು. ಅಲ್ಲಿ ಪೊಕೆಮಾನ್ ಕಾರ್ಡಿನದೇ ಅಬ್ಬರ, ಕ್ರಿಕೆಟ್ ಕಾರ್ಡು ಮೂಲೆಯಲ್ಲಿದ್ದರೆ ಪುಣ್ಯ. ಆದರೆ ಸ್ಲೀವು, ಗಟ್ಟಿ ಪ್ಲಾಸ್ಟಿಕ್ಕಿನ ಟಾಪ್‌ಲೋಡರು, ಒಂಬತ್ತು ಕಿಸೆಯ ಹಾಳೆ ಒಂದೇ ಕಡೆ ಹುಡುಕಲು ಅದು ಒಳ್ಳೆಯ ಜಾಗ. ಅದಕ್ಕಿಂತ ಮುಖ್ಯವಾಗಿ ಕೂಡಿಸುವ ಜನ ಅಲ್ಲಿ ಕಾಣುತ್ತಾರೆ. ದಿನಾಂಕ ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುತ್ತದೆ, ನೋಡಿಕೊಂಡೇ ಟಿಕೆಟ್ ಮಾಡಿಸಿ.

ಎಲೆಕ್ಟ್ರಾನಿಕ್ ಸಿಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರ್ಡಿಗೆಂದೇ ಅಲ್ಲಿಗೆ ಹೋಗುವ ಅಗತ್ಯವಿಲ್ಲ, ಅಲ್ಲಿ ಕೆಲಸವಿದ್ದರೆ ಹೋದಾಗ ನೋಡಿ. ನೀಲಾದ್ರಿ ರಸ್ತೆ ಮತ್ತು ಹೆಬ್ಬಗೋಡಿಯ ಅಂಗಡಿಗಳಲ್ಲಿ ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ಬರುವ ಹೊತ್ತು ಸರಿಯಾದದ್ದು. ಯಾವ ಅಂಗಡಿಗೆ ಹೊಸ ಪ್ಯಾಕೆಟ್ ಬಂದಿದೆ ಎಂಬುದು ಅಂಗಡಿಯವರಿಗಿಂತ ಮೊದಲು ಮಕ್ಕಳಿಗೆ ಗೊತ್ತಿರುತ್ತದೆ.

ಪೀಣ್ಯಕ್ಕೆ ಹೋಗಬೇಕಾದದ್ದು ಕಾರ್ಡು ಕೊಳ್ಳಲು ಅಲ್ಲ, ಕಾರ್ಡನ್ನು ಕಾಪಾಡಲು. ಅಲ್ಲಿ, ಸುತ್ತಲಿನ ಜಾಲಹಳ್ಳಿ, ದಾಸರಹಳ್ಳಿಯಲ್ಲಿ ಅಚ್ಚು, ಪ್ಯಾಕೇಜಿಂಗ್, ಪ್ಲಾಸ್ಟಿಕ್, ಅಕ್ರಿಲಿಕ್ ಕೆಲಸದ ಚಿಕ್ಕ ಘಟಕಗಳಿವೆ. ಗೋಡೆಗೆ ತೂಗುಹಾಕುವ ಚೌಕಟ್ಟೋ ಮೇಜಿನ ಮೇಲಿಡುವ ಸ್ಟ್ಯಾಂಡೋ ಬೇಕಾದರೆ ಅಳತೆ ಕೊಟ್ಟು ಮಾಡಿಸಬಹುದು. ಸಾಮಾನ್ಯ ಕಾರ್ಡಿನ ಅಳತೆ ಅಗಲ 64, ಉದ್ದ 89 ಮಿಲಿಮೀಟರ್. ಒಂದಕ್ಕೆ ಒಪ್ಪದಿದ್ದರೂ ನಾಲ್ಕು ಗೆಳೆಯರು ಸೇರಿ ಆರ್ಡರ್ ಕೊಟ್ಟರೆ ಒಪ್ಪುತ್ತಾರೆ. ಭಾನುವಾರ ಕಾರ್ಖಾನೆಗಳಿಗೆ ರಜೆ, ಆ ದಿನ ಹೋಗಬೇಡಿ. ಹೊಸ ಪ್ಯಾಕೆಟ್ಟು ಬೇಕಾದರೆ ಅದೇ ಹಸಿರು ಮಾರ್ಗದ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣದಿಂದ ಒರಾಯನ್ ಮಾಲ್‌ಗೆ ಹೋಗಬಹುದು. ಇನ್ನೂ ಮುಂದೆ ಚಿಕ್ಕಪೇಟೆಯಲ್ಲಿ ಇಳಿದರೆ ಸುಲ್ತಾನಪೇಟೆಯ ಕಾಗದದಂಗಡಿಗಳು, ಅವೆನ್ಯೂ ರಸ್ತೆಯ ಹಳೇ ಪುಸ್ತಕಗಳು. ಹಳೆಯ ಸ್ಪೋರ್ಟ್‌ಸ್ಟಾರ್ ಸಂಚಿಕೆಗಳಿಗಾಗಿ ಎಂ.ಜಿ. ರಸ್ತೆ ನಿಲ್ದಾಣದಿಂದ ಚರ್ಚ್ ಸ್ಟ್ರೀಟಿಗೆ ಹೋಗಿ ಬ್ಲಾಸಮ್, ಬುಕ್‌ವರ್ಮ್‌ಗಳಲ್ಲಿ ವಿಚಾರಿಸಿ.

ಕೊಳ್ಳುವಾಗ ಮುಚ್ಚಿದ ಪ್ಯಾಕೆಟ್ಟಿಗಿಂತ ಬಿಡಿ ಕಾರ್ಡೇ ಮೇಲು. ಬೇಕಾದ್ದು ಯಾವುದೆಂದು ಗೊತ್ತಿದ್ದವರಿಗೆ ಪ್ಯಾಕೆಟ್ ಒಂದು ಜೂಜು. ಬೇಕಾದ ಕಾರ್ಡುಗಳ ಪಟ್ಟಿಯನ್ನು ಸಂಖ್ಯೆ ಸಮೇತ ಬರೆದು ಜೇಬಿನಲ್ಲಿಟ್ಟುಕೊಳ್ಳಿ, ಡಬಲ್ ಬಂದವನ್ನೂ ಒಯ್ಯಿರಿ. ಜಾತ್ರೆ, ಫುಟ್‌ಪಾತಿನಲ್ಲಿ ಸಿಗುವ ಹೊಂಬಣ್ಣದ ಹೊಳೆಯುವ ಕಾರ್ಡುಗಳಲ್ಲಿ ಹೆಚ್ಚಿನವು ನಕಲಿ. ಕಂಪನಿಯ ಹೆಸರು, ಕಾರ್ಡಿನ ಸಂಖ್ಯೆ, ಪರವಾನಗಿಯ ಸಾಲು ಹಿಂದೆ ಇಲ್ಲದಿದ್ದರೆ, ಹೆಸರಿನ ಕಾಗುಣಿತ ತಪ್ಪಿದ್ದರೆ, ಅಕ್ಷರದ ಅಂಚು ಮಸುಕಾಗಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಹಸ್ತಾಕ್ಷರದ ಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಪೆನ್ನಿನ ಶಾಯಿ ಮೇಲ್ಮೈ ಮೇಲೆ ಬೇರೆಯಾಗಿ ಹೊಳೆಯುತ್ತದೆ, ಅಚ್ಚಿನ ಸಹಿ ಚಿತ್ರದೊಳಗೇ ಸೇರಿರುತ್ತದೆ.

ಹೂಡಿಕೆಯ ಮಾತು ಹೇಳಿ ಕಾರ್ಡು ಕಟ್ಟುವವರಿದ್ದಾರೆ. 1952ರ ಟಾಪ್ಸ್ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತೆಂಬುದು ನಿಜ. ಅದು ಎಪ್ಪತ್ತು ವರ್ಷ ಕೆಡದೆ ಉಳಿದ ಬೇಸ್‌ಬಾಲ್ ಕಾರ್ಡು, ಅಲ್ಲಿನ ಮಾರುಕಟ್ಟೆಯೇ ಬೇರೆ. ನಮ್ಮ ಕಾರ್ಡನ್ನು ಪ್ರೀತಿಗೆ ಕೊಳ್ಳಿ, ಲಾಭಕ್ಕಲ್ಲ.

ಮಕ್ಕಳ ಜೊತೆ ಬದಲಾವಣೆಗೆ ಕೂತರೆ ಅಪ್ಪ ಅಮ್ಮ ಪಕ್ಕದಲ್ಲಿರಲಿ. ಮಗು ಕೊಡುತ್ತಿರುವ ಕಾರ್ಡಿನ ಬೆಲೆ ಅದಕ್ಕೆ ಗೊತ್ತಿಲ್ಲದಿದ್ದರೆ ನೀವೇ ಹೇಳಿಬಿಡಿ. ಹತ್ತು ವರ್ಷದ ಹುಡುಗಿಯಿಂದ ತಿಳಿಯದಂತೆ ಕಿತ್ತುಕೊಂಡ ಕಾರ್ಡು ಯಾವ ಬೈಂಡರಿಗೂ ಶೋಭೆಯಲ್ಲ.

ಮನೆಗೆ ತಂದ ಮೇಲೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಅಂಕಪಟ್ಟಿಯಿಂದ ಹಿಡಿದು ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸುವುದು ನಮ್ಮಲ್ಲಿ ರೂಢಿ, ಕಾರ್ಡಿಗೆ ಮಾತ್ರ ಅದು ಮರಣಶಾಸನ. ಬಿಸಿಗೆ ಬಣ್ಣ ಕೆಡುತ್ತದೆ, ಮತ್ತೆ ಬಿಡಿಸಲಾಗದು. ರಬ್ಬರ್ ಬ್ಯಾಂಡ್, ಸೆಲ್ಲೊ ಟೇಪ್, ಅಂಟು ಯಾವುದೂ ಬೇಡ. ಹಾಳೆ ಕೊಳ್ಳುವಾಗ ಪಿವಿಸಿ ಅಲ್ಲದ, ಪಾಲಿಪ್ರೊಪಿಲೀನಿನದನ್ನು ಕೇಳಿ. ಜೂನಿನಿಂದ ಅಕ್ಟೋಬರ್‌ವರೆಗೆ ಬೈಂಡರಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಟಿ ಇಡಿ, ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡಿ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಊರಿನ ಮನೆಯ ಅಟ್ಟದಲ್ಲಿ ಟ್ರಂಕೊಂದಿದ್ದು, ಅದರಲ್ಲಿ ಬಬಲ್‌ಗಮ್ ಚೀಟಿಗಳೋ ಟ್ರಂಪ್ ಕಾರ್ಡುಗಳೋ ಇದ್ದರೆ ತೂಕಕ್ಕೆ ಹಾಕುವ ಮೊದಲು ಒಂದು ಸಲ ಬಿಚ್ಚಿ ನೋಡಿ. ನಿಮಗೆ ಬೇಡವಾದರೆ ಕೂಡಿಸುವ ಯಾರಿಗಾದರೂ ಕೊಡಿ. ಗುಜರಿಗೆ ಹೋದ ಕಾರ್ಡು ಮತ್ತೆ ಅಚ್ಚಾಗುವುದಿಲ್ಲ.